ಒಂದು ತಲೆಮಾರಿನ ಪ್ರತಿಜ್ಞೆ

ಪಾದ್ರಿ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವ ಮೂರ್ತಿ ಸಾಮಾನ್ಯವಾಗಿ ಒಂದೇ: ಮಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ನೆಲೆನಿಂತು, ನಮ್ಮ ಭಾಷೆಯನ್ನು ನಾವೇ ನಾಚುವಷ್ಟು ಶ್ರದ್ಧೆಯಿಂದ ಕಲಿತು, ಪತ್ರಿಕೆ ಹೊರಡಿಸಿ, ಓಲೆಗರಿಯಲ್ಲಿದ್ದ ಕಾವ್ಯಗಳನ್ನು ಅಚ್ಚಿಗೆ ತಂದು, ನಿಘಂಟು ರಚಿಸಿ, ಜಾತ್ರೆಯ ದಿನ ಮರದ ನೆರಳಿನಲ್ಲಿ ನಿಂತು ಉಪದೇಶ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಯದು. ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರ ಋಣ ನಮ್ಮ ಸಾಹಿತ್ಯದ ಮೇಲೆ ಎಷ್ಟಿದೆಯೆಂಬುದನ್ನು ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಬೇರೊಂದು ಬಗೆಯ ಮಿಷನರಿಯು ಸಮುದ್ರವನ್ನು ದಾಟಿ ಏಷ್ಯ ಖಂಡಕ್ಕೆ ಬಂದನು. ಅವನು ಸಂತೆಗೆ ಹೋದವನಲ್ಲ, ಹಳ್ಳಿಯ ಚಾವಡಿಯಲ್ಲಿ ಕುಳಿತವನೂ ಅಲ್ಲ. ವಯಸ್ಸು ಇಪ್ಪತ್ತೈದರ ಆಚೀಚೆ. ಯೇಲ್, ಪ್ರಿನ್ಸ್‌ಟನ್, ಕಾರ್ನೆಲ್ ಮುಂತಾದ ವಿಶ್ವವಿದ್ಯಾನಿಲಯಗಳ ಪದವಿ. ಆಟಪಾಟಗಳಲ್ಲಿ ಪಳಗಿದ ದೇಹ. ಬಾಯಲ್ಲಿ ಧರ್ಮದಷ್ಟೇ ಸಲೀಸಾಗಿ ಬರುತ್ತಿದ್ದ ವಿಜ್ಞಾನ ಮತ್ತು ಅರ್ಥಶಾಸ್ತ್ರದ ಮಾತು. ಇಂತಹವನು ಹುಡುಕಿಕೊಂಡು ಬಂದದ್ದು ಮದ್ರಾಸು, ಕಲ್ಕತ್ತ, ಟೋಕಿಯೊ, ಪೀಕಿಂಗ್ ನಗರಗಳ ಕಾಲೇಜು ವಿದ್ಯಾರ್ಥಿಯನ್ನು. ಅರುವತ್ತು ವರ್ಷಗಳಿಗಿಂತ ತುಸು ಹೆಚ್ಚು ಕಾಲ ನಡೆದ ಈ ಪ್ರಯತ್ನದ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ; ಆದರೆ ಅದರ ಮೊದಲ ಎಳೆ ನಮ್ಮ ಬೆಳಗಾವಿಗೆ ಬಹು ದೂರವಲ್ಲದ ಕೊಲ್ಲಾಪುರದಲ್ಲಿಯೇ ದೊರೆಯುತ್ತದೆ.

ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಪಾದ್ರಿಯವರು ಕೊಲ್ಲಾಪುರದಲ್ಲಿ ಬಹುಕಾಲ ದುಡಿದವರು. ಅವರ ಮಗ ರಾಬರ್ಟ್ ಹುಟ್ಟಿದ್ದು 1863ರಲ್ಲಿ, ಅದೇ ಊರಿನಲ್ಲಿ. ತಂದೆಯ ಆರೋಗ್ಯ ಕೆಟ್ಟು ಕುಟುಂಬವು ಅಮೆರಿಕಕ್ಕೆ ಮರಳಿ ಪ್ರಿನ್ಸ್‌ಟನ್ನಿನಲ್ಲಿ ಬಿಡಾರ ಹೂಡಿದಾಗ, ಭಾರತವೆಂಬುದು ಆ ಮನೆಯ ಮಕ್ಕಳಿಗೆ ಭೂಗೋಳದ ಪುಸ್ತಕದ ಹೆಸರಾಗಿರದೆ ಬಾಲ್ಯದ ನೆಲವಾಗಿತ್ತು. ರಾಬರ್ಟ್ ಕಾಲೇಜಿಗೆ ಸೇರಿ ವಿದೇಶಗಳಲ್ಲಿ ಸುವಾರ್ತಾಸೇವೆ ಮಾಡುವ ಸಂಕಲ್ಪವುಳ್ಳ ಗೆಳೆಯರ ಸಣ್ಣ ಸಂಘವೊಂದನ್ನು ಕಟ್ಟಿದರು. ಗೆಳೆಯರು ಮನೆಯ ಹಜಾರದಲ್ಲಿ ಸೇರಿದಾಗ ಅಕ್ಕ ಗ್ರೇಸ್ ಪಕ್ಕದ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರಂತೆ. ಈ ಚಳವಳಿಯ ಚರಿತ್ರೆಕಾರರು ಸಭೆಗಳಲ್ಲಿ ಮಾತಾಡಿದ ಗಂಡಸರ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದು ಗ್ರೇಸರನ್ನು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಯೋಜನೆಯ ಧೈರ್ಯ ಮಾತ್ರ ಬಹುಮಟ್ಟಿಗೆ ಆಕೆಯದು. ಮುಂದೆ ಪಶ್ಚಿಮ ಭಾರತದ ಹಳ್ಳಿಗಾಡಿನಲ್ಲಿ ಸೇವೆಗೆ ನಿಂತವರೂ ಆಕೆಯೇ.

1886ರ ಜುಲೈ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಮೌಂಟ್ ಹರ್ಮನ್ ಎಂಬಲ್ಲಿ, ಕನೆಕ್ಟಿಕಟ್ ನದಿಯ ದಂಡೆಯ ಶಾಲೆಯೊಂದರ ಆವರಣದಲ್ಲಿ, ಡ್ವೈಟ್ ಮೂಡಿಯವರು ಕಾಲೇಜು ವಿದ್ಯಾರ್ಥಿಗಳ ಶಿಬಿರವೊಂದನ್ನು ಸೇರಿಸಿದರು. ಮೂಡಿಯವರು ಹೆಚ್ಚು ಓದಿದವರಲ್ಲ. ತಾರುಣ್ಯದಲ್ಲಿ ಪಾದರಕ್ಷೆಯ ಅಂಗಡಿಯಲ್ಲಿ ಮಾರಾಟಗಾರರಾಗಿದ್ದು, ಅನಂತರ ಎರಡು ಖಂಡಗಳ ಜನಸ್ತೋಮವನ್ನು ತಮ್ಮ ಮಾತಿನಿಂದ ಕಲಕಿದವರು. 80ಕ್ಕೂ ಮೇಲ್ಪಟ್ಟ ಕಾಲೇಜುಗಳಿಂದ ಬಂದ 250ರಷ್ಟು ತರುಣರು ಬೆಳಗ್ಗೆ ಬೈಬಲ್ ಅಭ್ಯಾಸ ಮಾಡಿ, ಮಧ್ಯಾಹ್ನ ನದಿಯಲ್ಲಿ ಈಜಿ, ಬಯಲಿನಲ್ಲಿ ಚೆಂಡಾಡಿ, ಸಂಜೆ ಮತ್ತೆ ಉಪನ್ಯಾಸಕ್ಕೆ ಕುಳಿತುಕೊಳ್ಳುತ್ತಿದ್ದರು. ವಿದೇಶಸೇವೆಯ ವಿಷಯ ಮೂಡಿಯವರ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಅದನ್ನು ಒಳಗೆ ತಂದವರು ವೈಲ್ಡರ್. ಶಿಬಿರದ ಮೊದಲಲ್ಲಿ ಅವರ ಜೊತೆ ಸಂಕಲ್ಪ ತಾಳಿದ್ದವರು 21 ಮಂದಿ. ಆಮೇಲೆ ಜುಲೈ 23ರ ರಾತ್ರಿ ‘ಹತ್ತು ಜನಾಂಗಗಳ ಸಭೆ’ ಎಂದು ಹೆಸರಾದ ಕೂಟವೊಂದು ನಡೆಯಿತು. ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ ಅಮೆರಿಕದಲ್ಲಿ ಓದುತ್ತಿದ್ದ ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ದೇಶದ ಪರವಾಗಿ ಕೆಲವೇ ನಿಮಿಷ ಮಾತಾಡಿದರು. ಭಾರತದ ಪರವಾಗಿ ಮಾತಾಡಿದವರು ಕೊಲ್ಲಾಪುರದಲ್ಲಿ ಹುಟ್ಟಿದ ವೈಲ್ಡರರೇ. ಸಭೆ ಮುಗಿದ ಮೇಲೆ ಯಾರೂ ಹರಟೆಗೆ ನಿಲ್ಲದೆ, ಕತ್ತಲಲ್ಲಿ ಮರಗಳ ನಡುವೆ ಒಬ್ಬೊಬ್ಬರೇ ಚದುರಿ ಹೋದರೆಂದು ಅಂದು ಅಲ್ಲಿದ್ದವರು ಬರೆದಿದ್ದಾರೆ. ಶಿಬಿರ ಮುಗಿಯುವ ಹೊತ್ತಿಗೆ ಸಹಿ ಹಾಕಿದವರ ಸಂಖ್ಯೆ ತೊಂಬತ್ತೊಂಬತ್ತಕ್ಕೆ ಏರಿತ್ತು. ಕೊನೆಯ ಪ್ರಾರ್ಥನೆಯ ವೇಳೆ ಇನ್ನೊಬ್ಬನು ಬಂದು ಸೇರಲು ನೂರು ತುಂಬಿತು.

ದೇವರು ಅನುಕೂಲಿಸಿದರೆ ವಿದೇಶದಲ್ಲಿ ಮಿಷನರಿಯಾಗಲು ತಾವು ಸಿದ್ಧರು ಎಂಬ ಅರ್ಥದ ಒಂದು ವಾಕ್ಯವೇ ಆ ಪ್ರತಿಜ್ಞೆ. ಮುಂದಿನ ವರ್ಷ ವೈಲ್ಡರ್ ಅವರೂ, ಲಾಹೋರಿನಲ್ಲಿ ಕಾಲೇಜು ಕಟ್ಟಿದ ಫೋರ್ಮನ್ ಪಾದ್ರಿಗಳ ಮಗ ಜಾನ್ ಫೋರ್ಮನ್ನರೂ ಕೂಡಿ ಊರೂರು ತಿರುಗಿ, 160ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳನ್ನು ಸಂದರ್ಶಿಸಿ, ಎರಡು ಸಾವಿರಕ್ಕೆ ಮೀರಿದ ಸಹಿಗಳನ್ನು ಕೂಡಿಸಿದರು. ಭಾರತದ ಮಣ್ಣಿನ ನೆನಪನ್ನು ಹೊತ್ತ ಇಬ್ಬರು ತರುಣರು ಅಮೆರಿಕದ ಕಾಲೇಜುಗಳನ್ನು ಹೀಗೆ ಎಬ್ಬಿಸಿದ್ದು ಆ ದೇಶದ ಚರಿತ್ರೆಯಲ್ಲಿ ಒಂದು ವಿಲಕ್ಷಣ ಅಧ್ಯಾಯ. 1888ರಲ್ಲಿ ಇದಕ್ಕೆ ‘ವಿದ್ಯಾರ್ಥಿ ಸ್ವಯಂಸೇವಕ ಚಳವಳಿ’ ಎಂಬ ವ್ಯವಸ್ಥಿತ ರೂಪ ಬಂದಿತು. ಈ ತಲೆಮಾರಿನಲ್ಲಿಯೇ ಸಮಸ್ತ ಜಗತ್ತಿಗೆ ಸುವಾರ್ತೆಯನ್ನು ಮುಟ್ಟಿಸುವುದು ಅದರ ಘೋಷವಾಯಿತು. ಜರ್ಮನಿಯ ವಿದ್ವಾಂಸ ಗುಸ್ಟಾಫ್ ವಾರ್ನೆಕ್ ಅವರು, ಧರ್ಮದ ಕೆಲಸಕ್ಕೆ ಹೀಗೆ ಕಾಲದ ಗಡುವು ಕಟ್ಟುವುದು ಅವಸರದ ಬುದ್ಧಿಯೆಂದು ಆಗಲೇ ಆಕ್ಷೇಪಿಸಿದರು. ಅವರ ಎಚ್ಚರಿಕೆ ಉಗಿಹಡಗಿನ ಯುಗದ ಉತ್ಸಾಹಕ್ಕೆ ಕೇಳಿಸುವಂತಹುದಾಗಿರಲಿಲ್ಲ. ಸೂಯೆಜ್ ಕಾಲುವೆ ತೆರೆದಿತ್ತು. ತಂತಿ ಎಲ್ಲೆಡೆ ಹರಡಿತ್ತು. ವ್ಯಾಪಾರಿಗಳ ಕೈಯಲ್ಲಿ ಹಣ ತುಂಬಿತ್ತು. ಭೂಮಂಡಲವೇ ಕೈಗೆಟುಕುವಷ್ಟು ಕಿರಿದಾದಂತೆ ಆ ತರುಣರಿಗೆ ತೋರಿತು.

ಆ ನೂರು ಮಂದಿಯಲ್ಲಿ ಒಬ್ಬರು ಜಾನ್ ಮಾಟ್. ತಂದೆಯ ಮರದ ವ್ಯಾಪಾರವನ್ನಾಗಲಿ ವಕೀಲಿಯನ್ನಾಗಲಿ ಹಿಡಿಯಬೇಕಾಗಿದ್ದ ಈ ತರುಣರು ಕಾರ್ನೆಲ್ಲಿನಲ್ಲಿ ಓದುತ್ತಿದ್ದಾಗ ಕೇಂಬ್ರಿಜಿನ ಕ್ರಿಕೆಟ್ ಆಟಗಾರ ಸ್ಟಡ್ ಅವರ ಉಪನ್ಯಾಸಕ್ಕೆ ತಡವಾಗಿ ಹೋಗಿ, ಬಾಗಿಲಲ್ಲಿ ಕಿವಿಗೆ ಬಿದ್ದ ಒಂದೆರಡು ಮಾತಿನಿಂದಲೇ ಬಾಳಿನ ದಿಕ್ಕನ್ನು ಬದಲಿಸಿಕೊಂಡವರು. ಮಾಟ್ ಅವರದು ಭಾವಾವೇಶದ ಪ್ರಕೃತಿಯಾಗಿರಲಿಲ್ಲ. ರೈಲ್ವೆಯ ವೇಳಾಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ಪ್ರಾರ್ಥನೆಯಷ್ಟೇ ನಿಷ್ಠೆಯಿಂದ ನೋಡುತ್ತಿದ್ದ ಸಂಘಟಕ ಪ್ರತಿಭೆ ಅದು. 1895ರ ಆಗಸ್ಟಿನಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾ ಕೋಟೆಯಲ್ಲಿ ‘ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ’ವನ್ನು ಸ್ಥಾಪಿಸಿ, ಅಲ್ಲಿಂದಲೇ ಹೊರಟು, ಇಪ್ಪತ್ತು ತಿಂಗಳ ಕಾಲ ಇಪ್ಪತ್ತಕ್ಕೂ ಹೆಚ್ಚು ದೇಶಗಳನ್ನು ಸುತ್ತಿ ಬಂದು, 1897ರಲ್ಲಿ ಅವರು ಒಂದು ಪುಸ್ತಕವನ್ನು ಪ್ರಕಟಿಸಿದರು. ಜಗದ್ವಿಜಯದ ಆಯಕಟ್ಟಿನ ಸ್ಥಾನಗಳು ಎಂಬುದು ಅದರ ಹೆಸರಿನ ಭಾವ. ಆ ಸ್ಥಾನಗಳೆಂದರೆ ವಿಶ್ವವಿದ್ಯಾನಿಲಯಗಳು. ವಾದ ಸರಳವಾದದ್ದು: ಕಾಲೇಜು ಹುಡುಗನೊಬ್ಬನನ್ನು ಒಲಿಸಿಕೊಂಡರೆ ನಾಳೆಯ ನ್ಯಾಯಾಧೀಶನನ್ನೂ ಪತ್ರಿಕಾಕರ್ತನನ್ನೂ ದಿವಾನನನ್ನೂ ಒಲಿಸಿಕೊಂಡಂತೆ. ದಂಡಯಾತ್ರೆ, ಠಾಣ್ಯ, ಮುತ್ತಿಗೆ, ವಿಜಯ ಮುಂತಾದ ಸೇನೆಯ ಮಾತುಗಳು ಈ ಸೌಮ್ಯ ಸ್ವಭಾವದವರ ಲೇಖನಿಗೆ ಎಷ್ಟು ಸುಲಭವಾಗಿ ಬರುತ್ತಿದ್ದುವೆಂದರೆ, ಅವರು ಹೋದ ದೇಶಗಳಿಗೆ ಅವರಿಗಿಂತ ಮೊದಲೇ ನಿಜವಾದ ಸೇನೆಗಳು ಹೋಗಿದ್ದುವೆಂಬ ಸಂಗತಿ ಅವರಿಗೆ ಮರೆತೇ ಹೋಗಿತ್ತೋ ಏನೋ ಎನಿಸುತ್ತದೆ. ಕೇಳುವವರಿಗಂತೂ ಅದು ಮರೆಯುವಂತಹುದಾಗಿರಲಿಲ್ಲ.

ಭಾರತದಲ್ಲಿ ಈ ಹೊಸಬರಿಗೆ ನೆಲ ಹಸನಾಗಿಯೇ ಇತ್ತು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ 1862ರಿಂದ ನೆಲೆಸಿದ್ದ ಸ್ಕಾಟ್ಲೆಂಡಿನ ವಿಲಿಯಂ ಮಿಲ್ಲರ್ ಅವರು, ಹುಡುಗರನ್ನು ಒಬ್ಬೊಬ್ಬರಾಗಿ ಮತಕ್ಕೆ ಸೇರಿಸಿಕೊಳ್ಳುವುದಕ್ಕಿಂತ ಹಿಂದೂ ಸಮಾಜದ ವಿಚಾರವಾಯುವಿನಲ್ಲಿಯೇ ಕ್ರಿಸ್ತನ ಭಾವನೆಗಳು ಹರಡಿಕೊಳ್ಳುವಂತೆ ಮಾಡುವುದು ಮೇಲೆಂಬ ಮತವುಳ್ಳವರಾಗಿದ್ದರು. ಆದುದರಿಂದಲೇ ಮಕ್ಕಳ ಜಾತಿ ಕೆಡುವುದೆಂಬ ಭಯವಿಲ್ಲದೆ ಬ್ರಾಹ್ಮಣ ತಂದೆಗಳೂ ಆ ಕಾಲೇಜಿಗೆ ಮಕ್ಕಳನ್ನು ಕಳುಹಿದರು. ಮಿಷನರಿಗಳ ಕೋರಿಕೆಗೆ ಓಗೊಟ್ಟು 1890ರಲ್ಲಿ ಡೇವಿಡ್ ಮಕಾನಹಿ ಎಂಬವರು ವೈ. ಎಂ. ಸಿ. ಎ. ಎಂಬ ಕ್ರೈಸ್ತ ತರುಣರ ಸಂಘದ ಕಾರ್ಯದರ್ಶಿಯಾಗಿ ಮದ್ರಾಸಿಗೆ ಬಂದರು. ಫಿಲಡೆಲ್ಫಿಯದ ಅಂಗಡಿಯೊಡೆಯ ವಾನಮೇಕರರ ಹಣದಿಂದ ಎಸ್ಪ್ಲನೇಡಿನಲ್ಲಿ ಸಂಘಕ್ಕೆ ಭವ್ಯವಾದ ಕಟ್ಟಡ ಎದ್ದಿತು. ಕಲ್ಕತ್ತದಲ್ಲಿ ಕಾಲೇಜ್ ಸ್ಟ್ರೀಟಿನ ನಡುಮಧ್ಯದಲ್ಲಿಯೇ ಸಂಘ ಬಾಗಿಲು ತೆರೆಯಿತು. ವೈಲ್ಡರರೂ ಮರಳಿ ಬಂದು 1890ರ ದಶಕದಲ್ಲಿ ಕಲ್ಕತ್ತ, ಪುಣೆಗಳ ವಿದ್ಯಾರ್ಥಿಗಳ ನಡುವೆ ದುಡಿದರು.

ಈ ವಿದ್ಯಾರ್ಥಿ ಕಾರ್ಯದರ್ಶಿಯ ದಿನಚರಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಮೊದಲು ನಾಡಭಾಷೆಯ ಅಭ್ಯಾಸ. ಆಮೇಲೆ ವೃತ್ತಪತ್ರಿಕೆಗಳನ್ನಿರಿಸಿದ ವಾಚನಾಲಯ, ಊರಿಂದ ಬಂದ ಹುಡುಗರಿಗೆ ಹಾಸ್ಟೆಲು, ಸಂಜೆಗೆ ಟೆನಿಸ್ ಅಥವಾ ಬ್ಯಾಸ್ಕೆಟ್‌ಬಾಲ್, ವಾರಕ್ಕೊಂದು ಚರ್ಚಾಕೂಟ, ಬೇಸಗೆಯ ರಜೆಯಲ್ಲಿ ಶಿಬಿರ. ಇವೆಲ್ಲದರ ನಡುವೆ, ಬಾಗಿಲು ಹಾಕಿಕೊಂಡು ಒಬ್ಬನೊಡನೆ ಒಬ್ಬನೇ ಕುಳಿತು ನಡೆಸುವ ಆಪ್ತಸಂಭಾಷಣೆ. ಕಾರ್ಯದರ್ಶಿಯ ದೃಷ್ಟಿಯಲ್ಲಿ ಕೊನೆಯದೇ ಮುಖ್ಯ, ಉಳಿದುವು ಅದಕ್ಕೆ ಸೋಪಾನ. ಹುಡುಗನ ಲೆಕ್ಕವೇ ಬೇರೆ. ಪರೀಕ್ಷೆಯೂ ಇಂಗ್ಲಿಷಿನಲ್ಲಿ, ಉದ್ಯೋಗವೂ ಇಂಗ್ಲಿಷಿನಲ್ಲಿ ಇದ್ದ ಆ ಕಾಲದಲ್ಲಿ ದೊರೆಯ ಬಾಯಿಂದಲೇ ಇಂಗ್ಲಿಷು ಕೇಳುವ ಅವಕಾಶ ಬೈಬಲ್ ತರಗತಿಯಲ್ಲಲ್ಲದೆ ಬೇರೆಲ್ಲಿ ಬಿಟ್ಟಿಯಾಗಿ ದೊರೆಯುತ್ತಿತ್ತು? ಅವನು ಯೋಹಾನನ ಸುವಾರ್ತೆಯನ್ನು ವ್ಯಾಕರಣದ ದೃಷ್ಟಿಯಿಂದ ಓದಿ, ಆಟ ಆಡಿ, ಚರ್ಚಾಕೂಟದಲ್ಲಿ ಸಭೆ ನಡೆಸುವ ರೀತಿನೀತಿಗಳನ್ನು ಕಲಿತು, ನಮಸ್ಕರಿಸಿ ಮನೆಗೆ ಹೋಗುತ್ತಿದ್ದನು. ಆಮೇಲೆ ಅವನು ಆ ವಿದ್ಯೆಯನ್ನು ಊರಿನ ಸಂಘಗಳಲ್ಲಿಯೂ ರಾಜಕೀಯ ಸಭೆಗಳಲ್ಲಿಯೂ ಉಪಯೋಗಿಸಿದನು. ಇದರಲ್ಲಿ ಮೋಸವೇನೂ ಇರಲಿಲ್ಲ. ಇಬ್ಬರೂ ಪರಸ್ಪರರ ಲೆಕ್ಕವನ್ನು ಬಲ್ಲವರಾಗಿದ್ದರು.

ಆದರೆ ಆ ಬೋಧನೆ ಮನಸ್ಸಿಗೆ ನಾಟಿದಲ್ಲಿ ಫಲಿಸಿದ ರೀತಿ ಇನ್ನೂ ಸ್ವಾರಸ್ಯವಾದದ್ದು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಎಂಬ ವಿದ್ಯಾರ್ಥಿಗೆ, ವೇದಾಂತದಲ್ಲಿ ನೀತಿಗೆ ನೆಲೆಯಿಲ್ಲವೆಂಬ ಪಾದ್ರಿಗಳ ಟೀಕೆ ಮುಳ್ಳಿನಂತೆ ಚುಚ್ಚಿತು. 1908ರಲ್ಲಿ ಎಂ. ಎ. ಪದವಿಗಾಗಿ ಅವರು ವೇದಾಂತದ ನೀತಿಯನ್ನು ಕುರಿತೇ ಪ್ರಬಂಧವನ್ನು ಬರೆದು ಉತ್ತರ ಕೊಟ್ಟರು; ಅವರ ಗುರುಗಳಾದ ಎ. ಜಿ. ಹಾಗ್ ಅವರು ಮಿಷನರಿಯಾಗಿದ್ದೂ ಆ ಪ್ರಬಂಧವನ್ನು ಮನಸಾರೆ ಮೆಚ್ಚಿದರು. ಆಕ್ಷೇಪಿಸಿದವರು ಆ ವರ್ಗದವರೇ, ಉತ್ತರವನ್ನು ಮೆಚ್ಚಿದವರೂ ಆ ವರ್ಗದವರೇ ಎಂಬುದು ಆ ಕಾಲೇಜಿನ ಹಿರಿಮೆಗೆ ಸಲ್ಲತಕ್ಕ ಮಾತು. 1918ರಿಂದ 1921ರ ವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಬೀಳ್ಕೊಡುವಾಗ ಕುದುರೆಗಳನ್ನು ಬಿಚ್ಚಿ ವಿದ್ಯಾರ್ಥಿಗಳೇ ಎಳೆದ ಗಾಡಿಯಲ್ಲಿ ರೈಲ್ವೆ ನಿಲ್ದಾಣಕ್ಕೆ ಹೋದ ರಾಧಾಕೃಷ್ಣನ್ನರು, 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿಂತು ಹಿಂದೂ ಜೀವನದೃಷ್ಟಿಯನ್ನು ಕುರಿತು ಉಪನ್ಯಾಸ ಮಾಡಿದಾಗ, ಪರದೇಶದ ವಿದ್ಯಾರ್ಥಿಗಳಿಗೆ ಧರ್ಮಬೋಧೆ ಮಾಡುವ ಕಲೆ ದಿಕ್ಕು ತಿರುಗಿ ಪಡುವಲಿಗೆ ಪ್ರಯಾಣ ಮಾಡಿತೆಂದೇ ಹೇಳಬಹುದು.

ಬೋಧಕರೂ ಬದಲಾಗದೆ ಉಳಿಯಲಿಲ್ಲ. 1891ರಲ್ಲಿ ಕಲ್ಕತ್ತಕ್ಕೆ ಅಧ್ಯಾಪಕರಾಗಿ ಬಂದು, 1902ರಲ್ಲಿ ವೈ. ಎಂ. ಸಿ. ಎ. ಸೇರಿದ ಜೆ. ಎನ್. ಫರ್ಕ್ವಾರ್ ಅವರು, ಬಂಗಾಳದ ವಿದ್ಯಾರ್ಥಿಗಳು ಗೀತೆಯನ್ನು ಕೈಯಲ್ಲಿ ಹಿಡಿದು ಸ್ವದೇಶಿಯ ಮಾತಾಡುವುದನ್ನು ಕಂಡು, ಹಿಂದೂಧರ್ಮವನ್ನು ಹಳಿಯುವ ಹಳೆಯ ದಾರಿ ಮುಗಿಯಿತೆಂದು ಅರಿತರು. 1913ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಪ್ರಮೇಯವೆಂದರೆ, ಹಿಂದೂಧರ್ಮದ ಆಕಾಂಕ್ಷೆಗಳಿಗೆ ಕ್ರಿಸ್ತನೇ ಕಿರೀಟವೆಂಬುದು. ಉದಾರವೂ ಹೌದು, ತುಸು ಬಿಗುಮಾನದ್ದೂ ಹೌದು. ಕಿರೀಟ ಯಾರದ್ದೆಂಬುದನ್ನು ತಾವೇ ಮೊದಲು ತೀರ್ಮಾನಿಸಿಕೊಂಡ ಔದಾರ್ಯವದು. ಹಾಗ್ ಅವರೇ ಈ ವಾದವನ್ನು ಒಪ್ಪಲಿಲ್ಲ. ಆದರೂ ಫರ್ಕ್ವಾರರ ಶ್ರಮದಿಂದ ನಮಗೊಂದು ನೇರ ಲಾಭವಾಯಿತು. ಭಾರತದ ಸಂಸ್ಕೃತಿಯನ್ನು ವಿದ್ಯಾವಂತರಿಗೆ ಸುಲಭ ಬೆಲೆಯಲ್ಲಿ ಪರಿಚಯಿಸಲು ಅವರು ಏರ್ಪಡಿಸಿದ ‘ಭಾರತದ ಪರಂಪರೆ’ ಗ್ರಂಥಮಾಲೆಯಲ್ಲಿ, ಬೆಂಗಳೂರಿನ ಲಂಡನ್ ಮಿಷನ್ನಿನ ಇ. ಪಿ. ರೈಸ್ ಅವರು ಬರೆದ ಕನ್ನಡ ಸಾಹಿತ್ಯಚರಿತ್ರೆಯೂ ಸೇರಿತು. ಅದರ ಎರಡನೆಯ ಮುದ್ರಣ 1921ರಲ್ಲಿ ಕಲ್ಕತ್ತದ ವೈ. ಎಂ. ಸಿ. ಎ. ಪ್ರಕಾಶನದಿಂದಲೇ ಹೊರಬಿದ್ದಿತು. ಶಾಸನಗಳ ಬಿ. ಎಲ್. ರೈಸರ ಸೋದರರಾದ ಇವರು, ಆರ್. ನರಸಿಂಹಾಚಾರ್ಯರ ಕವಿಚರಿತೆಯ ನೆರವನ್ನು ಪಡೆದು ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳನ್ನು ಹೊರಗಿನವರಿಗೆ ಪರಿಚಯ ಮಾಡಿಸಿದರು. ಬಂಗಾಳಿ ವಿದ್ಯಾರ್ಥಿಯ ಮನಸ್ಸನ್ನು ಗೆಲ್ಲಲೆಂದು ಹೊರಟ ಉದ್ಯಮದಿಂದ ಹರಿಹರ ರಾಘವಾಂಕರಿಗೆ ಇಂಗ್ಲಿಷಿನಲ್ಲಿ ಓದುಗರು ದೊರೆತದ್ದು ಯಾರ ಯೋಜನೆಯಲ್ಲಿಯೂ ಇದ್ದ ಫಲವಲ್ಲ.

ಜಪಾನಿನಲ್ಲಿ ಇಂತಹುದೇ ಸಂಗತಿ ಮೊದಲೇ ನಡೆದುಹೋಗಿತ್ತು. 1876ರಲ್ಲಿ ಸಪ್ಪೊರೊ ನಗರದ ವ್ಯವಸಾಯ ಕಾಲೇಜಿಗೆ ಬಂದ ವಿಲಿಯಂ ಕ್ಲಾರ್ಕ್ ಅವರು ಅಲ್ಲಿ ಇದ್ದದ್ದು ಒಂದು ವರ್ಷವೂ ಅಲ್ಲ. ಅಷ್ಟರೊಳಗೆ ಮೊದಲ ತರಗತಿಯ ವಿದ್ಯಾರ್ಥಿಗಳೆಲ್ಲರೂ ಅವರು ಬರೆದ ಕ್ರೈಸ್ತ ಒಡಂಬಡಿಕೆಗೆ ಸಹಿ ಹಾಕಿದ್ದರು. ಆ ಹಿರಿಯರ ಒತ್ತಾಯಕ್ಕೆ ಒಲ್ಲದ ಮನಸ್ಸಿನಿಂದ ಸಹಿ ಹಾಕಿದ ಮುಂದಿನ ತರಗತಿಯ ಉಚಿಮುರ ಕಾನ್ಜೊ ಎಂಬ ಹುಡುಗನೇ ಕೊನೆಗೆ ಆ ದೇಶದ ಅತ್ಯಂತ ಸ್ವತಂತ್ರ ಕ್ರೈಸ್ತನಾದನು. ಯೇಸು ಮತ್ತು ಜಪಾನ್ ಎರಡೇ ತನಗೆ ಪ್ರಿಯವೆಂದು ಸಾರಿ, ಮಿಷನರಿಗಳ ಹಣವನ್ನೂ ಪಂಗಡಗಳನ್ನೂ ದೂರವಿರಿಸಿ, ಚರ್ಚೇ ಇಲ್ಲದ ಕ್ರೈಸ್ತಮಾರ್ಗವೊಂದನ್ನು ಬೋಧಿಸಿದವರು ಉಚಿಮುರರು. 1891ರಲ್ಲಿ ಚಕ್ರವರ್ತಿಯ ಸಹಿಯಿದ್ದ ಶಿಕ್ಷಣ ಶಾಸನದ ಮುಂದೆ ಸಾಕಷ್ಟು ತಲೆಬಾಗಲಿಲ್ಲವೆಂದು ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡವರೂ ಅವರೇ. ಎರಡು ಕಡೆಯವರಿಂದಲೂ ಏಟು ತಿಂದ ಅವರ ಬಾಳು ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದದ್ದು.

ಚೀನಾ ದೇಶದ ಮೇಲೆ ವಿದ್ಯಾರ್ಥಿ ಸ್ವಯಂಸೇವಕ ಚಳವಳಿಗೆ ಇದ್ದ ಆಸೆ ಬೇರೆ ಯಾವ ದೇಶದ ಮೇಲೂ ಇರಲಿಲ್ಲ. ಯೇಲಿನಲ್ಲಿ ಓದಿದ ಮೂವರು ಗೆಳೆಯರ ಗತಿಯನ್ನು ನೋಡಿದರೆ ಆ ಆಸೆಯ ಸ್ವರೂಪ ತಿಳಿಯುತ್ತದೆ. ಹೊರೇಸ್ ಪಿಟ್ಕಿನ್, ಹೆನ್ರಿ ಲೂಸ್, ಷರ್ವುಡ್ ಎಡ್ಡಿ ಮೂವರೂ ಪ್ರತಿಜ್ಞೆ ಮಾಡಿದವರು. ಪಿಟ್ಕಿನ್ ಉತ್ತರ ಚೀನಾಕ್ಕೆ ಹೋಗಿ ಪರದೇಶೀಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ಪಾವೊಟಿಂಗ್ ಪಟ್ಟಣದಲ್ಲಿ ಹತರಾದರು. ಲೂಸ್ ಶಾನ್‌ಟುಂಗಿನಲ್ಲಿ ಅಧ್ಯಾಪಕರಾದರು. ಅಲ್ಲಿ ಹುಟ್ಟಿದ ಅವರ ಮಗನೇ ಮುಂದೆ ‘ಟೈಮ್’ ಪತ್ರಿಕೆಯನ್ನು ಸ್ಥಾಪಿಸಿದ ಹೆನ್ರಿ ಲೂಸ್. ಎಡ್ಡಿ 1896ರಲ್ಲಿ ಭಾರತಕ್ಕೆ ಬಂದು, ಯಾರಿಂದಲೂ ಸಂಬಳ ಪಡೆಯದೆ, ತಮಿಳು ಕಲಿತು, ತಿರುನೆಲ್ವೇಲಿಯ ವಿ. ಎಸ್. ಅಜರಯ್ಯ ಅವರೊಡನೆ ಗಾಢವಾದ ಸ್ನೇಹ ಬೆಳೆಸಿದರು. 1910ರ ಎಡಿನ್‌ಬರೊ ಮಿಷನರಿ ಸಮ್ಮೇಳನದಲ್ಲಿ, ನೀವು ನಮಗಾಗಿ ಪ್ರಾಣವನ್ನೇ ಕೊಟ್ಟಿದ್ದೀರಿ, ಆದರೆ ನಮಗೆ ಬೇಕಾದದ್ದು ಸ್ನೇಹಿತರು ಎಂಬ ಭಾವದ ಮಾತಾಡಿ ಬಿಳಿಯ ಮಿಷನರಿಗಳ ಮುಖ ಕೆಂಪೇರಿಸಿದ ಅಜರಯ್ಯನವರಿಗೆ, ಸ್ನೇಹವೆಂದರೇನೆಂಬ ಅನುಭವ ಎಡ್ಡಿಯವರಿಂದಲೇ ಬಂದಿದ್ದಿರಬೇಕು.

1905ರಲ್ಲಿ ಚೀನಾ ಸರಕಾರವು ಶತಮಾನಗಳಿಂದ ನಡೆದುಬಂದಿದ್ದ ರಾಜ್ಯಪರೀಕ್ಷೆಗಳನ್ನು ರದ್ದು ಮಾಡಿತು. ಕನ್‌ಫ್ಯೂಷಿಯಸನ ಗ್ರಂಥಗಳನ್ನು ಬಾಯಿಪಾಠ ಮಾಡಿ ಅಧಿಕಾರಕ್ಕೇರುವ ದಾರಿ ಒಂದೇ ಪೆಟ್ಟಿಗೆ ಮುಚ್ಚಿತು. ಲಕ್ಷಾವಧಿ ತರುಣರು ಹೊಸ ವಿದ್ಯೆ ಎಲ್ಲಿ ದೊರೆಯುವುದೆಂದು ಅರಸತೊಡಗಿದರು. ಈ ಸಂದರ್ಭಕ್ಕೆ ಒದಗಿದವರು ರಾಬರ್ಟ್‌ಸನ್ ಎಂಬ ಇಂಜಿನಿಯರು. ಅವರು ಗೈರೊಸ್ಕೋಪ್ ಎಂಬ ತಿರುಗುಚಕ್ರದ ಯಂತ್ರವನ್ನೂ ನಿಸ್ತಂತು ವಾರ್ತಾಯಂತ್ರವನ್ನೂ ಪೆಟ್ಟಿಗೆಗಳಲ್ಲಿ ಹೊರಿಸಿಕೊಂಡು ಊರೂರಿಗೆ ಹೋಗಿ, ಪ್ರಾಂತಾಧಿಕಾರಿಗಳೂ ಅಧ್ಯಾಪಕರೂ ವಿದ್ಯಾರ್ಥಿಗಳೂ ಕಿಕ್ಕಿರಿದ ಸಭೆಗಳಲ್ಲಿ ವಿಜ್ಞಾನದ ಉಪನ್ಯಾಸ ಮಾಡುತ್ತಿದ್ದರು. ಸಭೆಯಲ್ಲಿದ್ದ ಗಟ್ಟಿಗನನ್ನು ವೇದಿಕೆಗೆ ಕರೆದು, ತಿರುಗುತ್ತಿರುವ ಚಕ್ರವನ್ನು ಬಾಗಿಸಿ ನೋಡೆಂದು ಹೇಳಿ, ಅವನು ಹೆಣಗಾಡುವುದನ್ನು ಸಭೆ ನಕ್ಕು ನೋಡಿದ ಮೇಲೆ, ಕಣ್ಣಿಗೆ ಕಾಣದ ಶಕ್ತಿಯ ವಿಚಾರಕ್ಕೆ ಮಾತು ತಿರುಗುತ್ತಿತ್ತು. 1913, 1914ರಲ್ಲಿ ಮಾಟ್ ಮತ್ತು ಎಡ್ಡಿಯವರು ಚೀನಾದ ನಗರಗಳಲ್ಲಿ ನಡೆಸಿದ ಸಭೆಗಳಿಗೆ ಕಟ್ಟಡಗಳೇ ಸಾಲದೆ ಹೋದುವು. ಧರ್ಮವನ್ನು ಮತ್ತಷ್ಟು ತಿಳಿಯಬಯಸುವೆವೆಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟ ವಿದ್ಯಾರ್ಥಿಗಳು ಸಾವಿರಾರು. ಅವರಲ್ಲಿ ದೀಕ್ಷಾಸ್ನಾನದ ವರೆಗೆ ಬಂದವರು ಅಲ್ಪಸಂಖ್ಯಾತರು. ಬಹುಪಾಲು ಹುಡುಗರು ಬಂದದ್ದು ದೇಶ ಬಲಿಷ್ಠವಾಗುವ ಗುಟ್ಟೇನೆಂದು ತಿಳಿಯಲು. ಅಮೆರಿಕವು ಬಲಿಷ್ಠವಾಗಿದೆ, ಅಮೆರಿಕನು ಕ್ರೈಸ್ತನಾಗಿದ್ದಾನೆ, ಆದುದರಿಂದ ಇದನ್ನೂ ಒಮ್ಮೆ ಪರೀಕ್ಷಿಸಬೇಕು ಎಂಬ ತರ್ಕ ಅವರದು. ಚಾಂಗ್ ಪೊಲಿಂಗ್ ಅವರು ಇದಕ್ಕೆ ಒಳ್ಳೆಯ ನಿದರ್ಶನ. ನೌಕಾಪಡೆಯ ತರುಣ ಅಧಿಕಾರಿಯಾಗಿದ್ದಾಗ, 1898ರಲ್ಲಿ ವೆಯ್‌ಹಾಯ್‌ವೆಯ್ ಬಂದರಿನಲ್ಲಿ ಜಪಾನಿನ ಬಾವುಟ ಇಳಿದು ಚೀನಾದ ಬಾವುಟ ಏರಿ, ಮರುದಿನವೇ ಅದೂ ಇಳಿದು ಬ್ರಿಟಿಷ್ ಬಾವುಟ ಏರುವುದನ್ನು ಕಣ್ಣಾರೆ ಕಂಡು, ಖಡ್ಗವನ್ನು ಬಿಟ್ಟು ಶಿಕ್ಷಣಕ್ಕೆ ತಿರುಗಿದವರು ಅವರು. ತಿಯೆನ್‌ಸಿನ್ನಿನ ವೈ. ಎಂ. ಸಿ. ಎ. ಸ್ನೇಹದಿಂದ ಕ್ರೈಸ್ತರಾದರು, ಆದರೆ ಅವರು ಕಟ್ಟಿದ ನಾನ್‌ಕಾಯ್ ಶಾಲೆ ಮಿಷನ್ ಶಾಲೆಯಾಗಲಿಲ್ಲ, ಚೀನೀಯರದೇ ಆಗಿ ಉಳಿಯಿತು.

ಇಷ್ಟರಲ್ಲಿ ಯೂರೋಪಿನ ಮಹಾಯುದ್ಧ ನಡೆಯಿತು. ಕ್ರೈಸ್ತ ರಾಷ್ಟ್ರಗಳು ನಾಲ್ಕು ವರ್ಷಗಳ ಕಾಲ ಪರಸ್ಪರ ಕೊಂದುಕೊಂಡ ಮೇಲೆ, ಏಷ್ಯದ ವಿದ್ಯಾರ್ಥಿಯ ಮುಂದೆ ನಿಂತು ಬಲಕ್ಕೂ ಕ್ರಿಸ್ತನಿಗೂ ಇರುವ ನಂಟನ್ನು ಹೇಳುವ ಬಾಯಿ ತಡವರಿಸದೆ ಇರಲಾರದು. ವರ್ಸೇಲ್ಸಿನಲ್ಲಿ ಶಾನ್‌ಟುಂಗಿನ ಹಕ್ಕುಗಳನ್ನು ಜಪಾನಿಗೆ ಒಪ್ಪಿಸಿದ ಸುದ್ದಿ ಬಂದೊಡನೆ, 1919ರ ಮೇ 4ರಂದು ಪೀ‌ಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಇವರು ಚಕ್ರದ ಆಟವನ್ನು ನೋಡಿ ಬೆರಗಾಗುವ ತಲೆಮಾರಿನವರಲ್ಲ. ಡಾರ್ವಿನ್ನನನ್ನೂ ರಸೆಲ್ಲರನ್ನೂ ಮಾರ್ಕ್ಸನನ್ನೂ ತಮ್ಮ ಭಾಷೆಯಲ್ಲಿಯೇ ಓದಿಕೊಂಡವರು. ಇಂತಹ ಹೊತ್ತಿನಲ್ಲಿ, ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವು ತನ್ನ ಮಹಾಸಮ್ಮೇಳನವನ್ನು 1922ರ ಏಪ್ರಿಲಿನಲ್ಲಿ ಪೀಕಿಂಗಿನ ಸಿಂಗ್‌ಹ್ವಾ ಕಾಲೇಜಿನಲ್ಲಿ ನಡೆಸುವುದಾಗಿ ಪ್ರಕಟಿಸಿತು. ಸ್ಥಳದ ಆಯ್ಕೆಯೇ ಎಡವಟ್ಟಾಯಿತೆನ್ನಬೇಕು: ಬಾಕ್ಸರ್ ದಂಗೆಯ ದಂಡದ ಹಣದಲ್ಲಿ ಅಮೆರಿಕವು ಹಿಂದಿರುಗಿಸಿದ ಭಾಗದಿಂದ ಕಟ್ಟಿದ ಕಾಲೇಜು ಅದು, ಸೋಲಿನ ನೆನಪು ಅದರ ಇಟ್ಟಿಗೆ ಇಟ್ಟಿಗೆಯಲ್ಲಿಯೂ ಇತ್ತು. ಮಾರ್ಚಿನಲ್ಲಿ ಷಾಂಗೈಯ ವಿದ್ಯಾರ್ಥಿಗಳು ಕ್ರೈಸ್ತವಿರೋಧಿ ವಿದ್ಯಾರ್ಥಿ ಒಕ್ಕೂಟವನ್ನು ಸ್ಥಾಪಿಸಿ, ಬಂಡವಾಳಶಾಹಿಯ ಮುಂಗಾವಲು ಪಡೆಯೇ ಈ ಧರ್ಮವೆಂದು ಸಾರಿದರು. ಪೀಕಿಂಗಿನಲ್ಲಿ ಸಮಸ್ತ ಮತಗಳನ್ನೂ ವಿರೋಧಿಸುವ ಮಹಾಸಂಘ ಹುಟ್ಟಿತು; ಪೀಕಿಂಗ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದ ತ್ಸಾಯ್ ಯುವಾನ್‌ಪೆಯ್ ಅವರು ಶಿಕ್ಷಣವು ಮತದಿಂದ ಮುಕ್ತವಾಗಿರಬೇಕೆಂದು ಅದರ ಪರವಾಗಿ ಮಾತಾಡಿದರು. ಅದೇ ವಿಶ್ವವಿದ್ಯಾನಿಲಯದ ಚೌ ತ್ಸೊಜೆನ್ ಮೊದಲಾದ ಐವರು ಪ್ರಾಧ್ಯಾಪಕರು, ತಾವು ಯಾವ ಮತದ ಅನುಯಾಯಿಗಳೂ ಅಲ್ಲದಿದ್ದರೂ, ಜನರ ಶ್ರದ್ಧೆಯ ಸ್ವಾತಂತ್ರ್ಯವನ್ನು ಕೂಗಿನಿಂದ ಅಡಗಿಸಬಾರದೆಂದು ಪ್ರಕಟಣೆ ಹೊರಡಿಸಿದರು. ಆ ಗದ್ದಲದಲ್ಲಿ ಅತ್ಯಂತ ಗಂಭೀರವಾದ ಮಾತು ಈ ಐವರದೇ ಎಂದು ನನಗೆ ತೋರುತ್ತದೆ; ಅವರಿಗೆ ಅಂದು ಎರಡು ಕಡೆಯಿಂದಲೂ ಚಪ್ಪಾಳೆ ಬೀಳಲಿಲ್ಲ.

ಸಮ್ಮೇಳನವೇನೋ ನಿರ್ವಿಘ್ನವಾಗಿ ನಡೆಯಿತು. ಮೂವತ್ತರಷ್ಟು ದೇಶಗಳಿಂದ ಬಂದ 700ಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಬಹುಪಾಲು ಚೀನೀಯರೇ. ಆದರೆ ಚೀನೀ ಪ್ರತಿನಿಧಿಗಳೇ ಯುದ್ಧದ ಬಗೆಗೆ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗೆಗೆ, ಪರದೇಶದವರು ಅನುಭವಿಸುತ್ತಿದ್ದ ವಿಶೇಷ ಹಕ್ಕುಗಳ ಬಗೆಗೆ ಬಿರುಸಾದ ಪ್ರಶ್ನೆಗಳನ್ನು ಹಾಕತೊಡಗಿದರು. ಹೊರಗೆ ಕೂಗುತ್ತಿದ್ದವರ ಪ್ರಶ್ನೆಗಳೂ ಅವೇ. ಅಮೆರಿಕದಲ್ಲಿಯೂ ಗಾಳಿ ಬದಲಾಗಿತ್ತು. 1920ರಲ್ಲಿ 2,700ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರತಿಜ್ಞೆಗೆ ಸಹಿ ಹಾಕಿದ್ದರೆ, 1928ರ ಹೊತ್ತಿಗೆ ಆ ಸಂಖ್ಯೆ 250ರ ಆಸುಪಾಸಿಗೆ ಇಳಿಯಿತು. ಯುದ್ಧದಿಂದ ಮರಳಿದ ತರುಣನು, ನಮ್ಮ ದೇಶದ ನೀಗ್ರೋಗಳಿಗೆ ನ್ಯಾಯ ಒದಗಿಸದೆ ಚೀನೀಯರಿಗೆ ಉಪದೇಶ ಮಾಡಲು ನಾವು ಯಾರು ಎಂದು ಸಭೆಗಳಲ್ಲಿ ಎದ್ದು ಕೇಳಿದನು. ಎಡ್ಡಿಯವರೇ ಕಾರ್ಮಿಕರ ಹಕ್ಕು, ವರ್ಣಸಮತೆಗಳ ಪ್ರಚಾರಕರಾಗಿ, 1936ರಲ್ಲಿ ಮಿಸಿಸಿಪಿಯಲ್ಲಿ ಕರಿಯರೂ ಬಿಳಿಯರೂ ಕೂಡಿ ದುಡಿಯುವ ಸಹಕಾರಿ ಬೇಸಾಯಕ್ಷೇತ್ರವನ್ನು ಸ್ಥಾಪಿಸಿದರು. 1928ರ ಡಿಸೆಂಬರಿನಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಮಹಾಸಮಿತಿಯು ನಮ್ಮ ಮೈಸೂರಿನಲ್ಲಿ ಸೇರಿತು. ಆ ವರ್ಷವೇ ಮಾಟ್ ಅವರು ಅದರ ಅಧ್ಯಕ್ಷಪದವನ್ನು ಬಿಟ್ಟುಕೊಟ್ಟರು; ಅಷ್ಟು ಹೊತ್ತಿಗೆ ಭಾರತದ ವೈ. ಎಂ. ಸಿ. ಎ. ಚುಕ್ಕಾಣಿ ಸೇಲಂ ಕಡೆಯ ಕೆ. ಟಿ. ಪಾಲ್ ಅವರಂತಹ ಭಾರತೀಯರ ಕೈಯಲ್ಲಿತ್ತು. 1946ರಲ್ಲಿ ಮಾಟ್ ಅವರಿಗೆ ಶಾಂತಿಯ ನೊಬೆಲ್ ಪಾರಿತೋಷಕ ಬಂದಾಗ, ತಾರುಣ್ಯದ ಆ ವಿಜಯದ ಮಾತುಗಳನ್ನು ಯಾರೂ ನೆನೆಯಲಿಲ್ಲ.

ಚಳವಳಿಯ ಪ್ರೇರಣೆಯಿಂದ ಕಡಲು ದಾಟಿದವರು ಒಟ್ಟು 20,000ಕ್ಕೂ ಮೇಲ್ಪಟ್ಟು. ಅವರ ಕಥೆಯ ಕೊನೆಯ ಪ್ರಕರಣ ಚೀನಾದಲ್ಲಿಯೇ ನಡೆಯಿತು. ಸುಂಕದ ಇಲಾಖೆಯಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದ ವೂ ಯಾವ್‌ತ್ಸುಂಗ್ ಎಂಬ ತರುಣರು, ಮಾಟ್ ಮತ್ತು ಎಡ್ಡಿಯವರ ಉಪನ್ಯಾಸಗಳನ್ನು ಕೇಳಿ, ಗಿರಿಪ್ರವಚನವನ್ನು ಓದಿ, 1918ರಲ್ಲಿ ದೀಕ್ಷಾಸ್ನಾನ ಪಡೆದು, ಎರಡು ವರ್ಷಗಳಲ್ಲಿ ಉದ್ಯೋಗವನ್ನು ಬಿಟ್ಟು ಪೀಕಿಂಗಿನ ವೈ. ಎಂ. ಸಿ. ಎ.ಯ ವಿದ್ಯಾರ್ಥಿ ಕಾರ್ಯದರ್ಶಿಯಾದರು. ಆ ಎಲ್ಲ ಸಭೆಗಳಿಂದ, ಆ ಎಲ್ಲ ಚೀಟಿಗಳಿಂದ ಮಿಷನರಿಗಳು ಬಯಸಿದ್ದ ಫಲ ಯಾವುದೋ ಅದರ ಪ್ರತ್ಯಕ್ಷ ರೂಪ ಇವರು. ಅನಂತರ ನ್ಯೂಯಾರ್ಕಿನಲ್ಲಿ ಧರ್ಮಶಾಸ್ತ್ರವನ್ನು ಓದಿದರು. ಜಪಾನಿನ ಆಕ್ರಮಣವನ್ನೂ ಅಂತರ್ಯುದ್ಧವನ್ನೂ ಕಂಡರು. ಸಮಾಜವಾದದ ಕಡೆಗೆ ವಾಲಿದರು. 1950ರ ಮೇ ತಿಂಗಳಲ್ಲಿ ಅವರು ಕಮ್ಯುನಿಸ್ಟರ ಹೊಸ ಸರಕಾರದ ಪ್ರಧಾನಿಯನ್ನು ಭೇಟಿ ಮಾಡಿದರು. ಆ ಪ್ರಧಾನಿ ಚೌ ಎನ್‌ಲಾಯ್, ಚಾಂಗ್ ಪೊಲಿಂಗ್ ಅವರ ನಾನ್‌ಕಾಯ್ ಶಾಲೆಯಲ್ಲಿ ಓದಿದವರು. ಅದೇ ವರ್ಷದ ಬೇಸಗೆಯಲ್ಲಿ ವೂ ಅವರ ನಾಯಕತ್ವದಲ್ಲಿ ಹೊರಟ ಪ್ರಕಟಣೆಯೊಂದು, ಚೀನಾದ ಚರ್ಚು ಪರದೇಶದ ಹಣವನ್ನೂ ಪರದೇಶದ ಅಧಿಕಾರವನ್ನೂ ತ್ಯಜಿಸಬೇಕೆಂದು ವಿಧಿಸಿತು. ಲಕ್ಷಾಂತರ ಕ್ರೈಸ್ತರು ಅದಕ್ಕೆ ಸಹಿ ಹಾಕಿದರು, ಕೆಲವರು ಮನಃಪೂರ್ವಕವಾಗಿ, ಕೆಲವರು ಕಾಲವನ್ನರಿತು. ಕೊರಿಯದ ಯುದ್ಧವೂ ಆಗಲೇ ಆರಂಭವಾಗಿ, ಒಂದೆರಡು ವರ್ಷಗಳೊಳಗೆ ಮಿಷನರಿಗಳು ಬಹುತೇಕ ಎಲ್ಲರೂ ದೇಶವನ್ನು ಬಿಟ್ಟರು. ವೂ ಅವರ ಚಳವಳಿ ತಾಳಿದ ಹೆಸರು ‘ತ್ರಿಸ್ವಾವಲಂಬನೆ’: ಸ್ವಂತ ಆಡಳಿತ, ಸ್ವಂತ ಪೋಷಣೆ, ಸ್ವಂತ ಪ್ರಚಾರ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಮೂರು ಸೂತ್ರಗಳನ್ನು ರಚಿಸಿ, ನಾಡವರ ಚರ್ಚು ತನ್ನ ಕಾಲ ಮೇಲೆ ನಿಂತಂದು ಮಿಷನರಿಯು ಹೊರಟು ಬರತಕ್ಕದ್ದೆಂದು ವಾದಿಸಿದವರು ಲಂಡನ್ನಿನ ಹೆನ್ರಿ ವೆನ್ ಮತ್ತು ಬಾಸ್ಟನ್ನಿನ ರೂಫಸ್ ಆಂಡರ್‌ಸನ್. ಇಬ್ಬರೂ ಮಿಷನ್ ಸಂಘಗಳ ಕಾರ್ಯದರ್ಶಿಗಳು.